ಗಂಗೆಯನ್ನು ಕೆಣಕಿದ ರಾಣಿ

ವೀರರಾಣಿ ಅಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಒಂದು ಕುದುರೆ, ಅದರ ಮೇಲೆ ಒಬ್ಬ ಹೆಂಗಸು, ಕೈಯಲ್ಲಿ ಕತ್ತಿ. ಹುಬ್ಬಳ್ಳಿಯ ಚೆನ್ನಮ್ಮ ಸರ್ಕಲ್ಲಿನಲ್ಲಿ ಒಮ್ಮೆ ಬಸ್ಸಿಳಿದವರಿಗೆ ಆ ಚಿತ್ರ ಮರೆಯೋದಿಲ್ಲ. ಇತಿಹಾಸದ ರಾಣಿಯರ ಮಟ್ಟಿಗೆ ಅದು ಸರಿ. ಆದರೆ ಪುರಾಣದಲ್ಲಿ, ಮಹಾಭಾರತದಲ್ಲಿ ಅಂಥ ರಾಣಿಯನ್ನು ಹುಡುಕಿಕೊಂಡು ಹೋದರೆ ಸ್ವಲ್ಪ ನಿರಾಸೆಯಾಗುತ್ತದೆ. ನಾನು ಇವತ್ತು ಹೇಳಬೇಕು ಅಂದುಕೊಂಡಿರುವ ರಾಣಿಯ ಕೈಯಲ್ಲಿ ಕತ್ತಿಯಿಲ್ಲ. ಕುದುರೆ ಏನೋ ಇದೆ. ಆದರೆ ಅದು ಅವಳದಲ್ಲ, ಧರ್ಮರಾಯನದು.

ಅವಳ ಹೆಸರು ಜ್ವಾಲೆ. ಯಕ್ಷಗಾನ ನೋಡುವವರಿಗೆ 'ಜ್ವಾಲಾ ಪ್ರತಾಪ' ಗೊತ್ತಿರುತ್ತದೆ. ಉಳಿದವರಲ್ಲಿ ಎಷ್ಟು ಜನ ಈ ಹೆಸರು ಕೇಳಿದ್ದೀರಿ? ಕೈ ಎತ್ತಿ ನೋಡೋಣ. ಹೌದು, ನಾನು ಅಂದುಕೊಂಡಷ್ಟೇ.

ನಾನು ಈ ಹೆಸರು ಮೊದಲು ಕೇಳಿದ್ದು ಅಡಿಕೆ ಸುಲಿಯುವ ಒಂದು ರಾತ್ರಿ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೊಯ್ಲಿನ ದಿನಗಳಲ್ಲಿ ಊಟವಾದ ಮೇಲೆ ಎಲ್ಲರೂ ಮೆಟ್ಟುಗತ್ತಿ ಹಾಕಿಕೊಂಡು ಸಾಲಾಗಿ ಕೂರುತ್ತಾರೆ. ಕೈಗೆ ಕೆಲಸ ಇದೆ, ಕಿವಿಗೆ ಇಲ್ಲ. ತೂಕಡಿಸಿದರೆ ಬೆರಳು ಹೋಗುತ್ತದೆ. ಅದಕ್ಕೆ ಯಾರಾದರೂ ಏನಾದರೂ ಓದುತ್ತಿರಬೇಕು. ನಮ್ಮನೆಗೆ ಪಕ್ಕದೂರಿನ ಮೇಷ್ಟ್ರೊಬ್ಬರು ಬರುತ್ತಿದ್ದರು. ಲಾಟೀನು ಪಕ್ಕದಲ್ಲಿಟ್ಟುಕೊಂಡು ಜೈಮಿನಿ ಭಾರತ ಹಾಡುತ್ತಿದ್ದರು. ಒಂದು ಪದ್ಯ ಹಾಡೋದು, ಅರ್ಥ ಹೇಳೋದು, ಒಂದು ಗುಟುಕು ಕಾಫಿ, ಮತ್ತೆ ಒಂದು ಪದ್ಯ. ನಮ್ಮಜ್ಜಿ ಕೇಳುತ್ತಾ ಕೇಳುತ್ತಾ ಮಧ್ಯೆ ಬಾಯಿ ಹಾಕುತ್ತಿದ್ದಳು. ಅವಳು ಕೇಳಿದ ಒಂದು ಪ್ರಶ್ನೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಜೈಮಿನಿ ಭಾರತ ನಮಗೆ ಕನ್ನಡದಲ್ಲಿ ಕೊಟ್ಟವನು ಲಕ್ಷ್ಮೀಶ. ಕಡೂರು ತಾಲ್ಲೂಕಿನ ದೇವನೂರಿನವನು. ಅಲ್ಲಿನ ಲಕ್ಷ್ಮೀರಮಣ ದೇವರ ಭಕ್ತ. 34 ಸಂಧಿಗಳ ಕಾವ್ಯ, ವಾರ್ಧಕ ಷಟ್ಪದಿಯಲ್ಲಿ. ಕುಮಾರವ್ಯಾಸನ ಭಾಮಿನಿ ಓಡುತ್ತದೆ. ಲಕ್ಷ್ಮೀಶನ ವಾರ್ಧಕ ಸೆರಗು ಹಾಸಿಕೊಂಡು ನಡೆದ ಹಾಗೆ. ಹಾಡುವವರಿಗೆ ಬಹಳ ಪ್ರೀತಿ ಅದು. ಮೂಲ ಸಂಸ್ಕೃತದ್ದು. ವ್ಯಾಸರ ಶಿಷ್ಯ ಜೈಮಿನಿ ಹೇಳಿದ ಭಾರತ ಅಂತ ನಂಬಿಕೆ. ಅದರಲ್ಲಿ ನಮ್ಮ ಕೈಗೆ ಉಳಿದು ಬಂದಿರೋದು ಮುಖ್ಯವಾಗಿ ಅಶ್ವಮೇಧದ ಭಾಗ. ಅಂದರೆ ಕುರುಕ್ಷೇತ್ರ ಮುಗಿದ ಮೇಲಿನ ಕತೆ.

ಇದನ್ನು ಗಮನಿಸಿ. ದೊಡ್ಡ ಯುದ್ಧ ಮುಗಿದಿದೆ. ಗೆದ್ದವರು ಸಿಂಹಾಸನದ ಮೇಲೆ ಕೂತಿದ್ದಾರೆ. ಆದರೆ ಧರ್ಮರಾಯನಿಗೆ ನಿದ್ದೆಯಿಲ್ಲ, ಇಷ್ಟು ಜನರನ್ನು ಕೊಂದೆವಲ್ಲ ಅಂತ. ಪಾಪ ಕಳೆಯೋದಕ್ಕೆ ಅಶ್ವಮೇಧ ಮಾಡು ಅಂತ ಸಲಹೆ ಬರುತ್ತದೆ. ಅಶ್ವಮೇಧ ಅಂದರೆ ಗೊತ್ತಲ್ಲ. ಒಂದು ಕುದುರೆಗೆ ಹಣೆಪಟ್ಟಿ ಕಟ್ಟಿ ಬಿಡುತ್ತಾರೆ. ಅದು ಒಂದು ವರ್ಷ ತನ್ನ ಪಾಡಿಗೆ ಎಲ್ಲಿ ಬೇಕೋ ಅಲ್ಲಿ ಮೇಯುತ್ತಾ ಹೋಗುತ್ತದೆ. ಹಿಂದೆ ದಂಡು. ಯಾವ ರಾಜ ಸುಮ್ನೆ ಬಿಡುತ್ತಾನೋ ಅವನು ಕಪ್ಪ ಕೊಡುವವನು. ಯಾರು ಕಟ್ಟಿಹಾಕುತ್ತಾನೋ ಅವನ ಜೊತೆ ಯುದ್ಧ. ಯುದ್ಧದ ಪಾಪ ಕಳೆಯೋದಕ್ಕೆ ಇನ್ನೊಂದು ಸುತ್ತು ಯುದ್ಧ! ಇದರ ವಿಚಿತ್ರ ವ್ಯಾಸರಿಗೂ ಗೊತ್ತಿತ್ತು ಅಂತ ಕಾಣುತ್ತದೆ. ಅವರ ಭಾರತದಲ್ಲಿ ಧರ್ಮರಾಯ ಅರ್ಜುನನಿಗೆ ಹೇಳಿ ಕಳಿಸುತ್ತಾನೆ: ಅಪ್ಪಂದಿರನ್ನು ಕಳೆದುಕೊಂಡ ರಾಜರು ಎದುರಾದರೆ ಆದಷ್ಟು ಕೊಲ್ಲಬೇಡ, ಯಜ್ಞಕ್ಕೆ ಕರೆದು ಬಾ ಅಂತ.

ಹಾಗೆ ಹೊರಟ ಕುದುರೆ ಮಾಹಿಷ್ಮತಿಗೆ ಬರುತ್ತದೆ.

ಮಾಹಿಷ್ಮತಿ ಅಂದ ತಕ್ಷಣ ಹುಡುಗರ ಮುಖ ಅರಳಿತು. ಸಿನಿಮಾದ ಊರಲ್ಲಪ್ಪಾ ಇದು. ನರ್ಮದಾ ನದಿಯ ದಡದ ಊರು. ಈಗಿನ ಮಧ್ಯಪ್ರದೇಶದ ಮಹೇಶ್ವರವೇ ಅದು ಅಂತ ಬಹಳ ವಿದ್ವಾಂಸರ ಅಭಿಪ್ರಾಯ. 18ನೇ ಶತಮಾನದಲ್ಲಿ ಅಹಲ್ಯಾಬಾಯಿ ಹೋಳ್ಕರ್ ರಾಜ್ಯ ಆಳಿದ್ದು ಅಲ್ಲಿಂದಲೇ. ಮಹೇಶ್ವರಿ ಸೀರೆ ಉಟ್ಟು ಬಂದವರೂ ಇಲ್ಲಿ ಒಬ್ಬಿಬ್ಬರು ಕಾಣುತ್ತಿದ್ದಾರೆ. ಆ ಸೀರೆಯ ಊರು.

ಈ ಮಾಹಿಷ್ಮತಿಗೆ ಒಂದು ಹಳೇ ಕತೆ ಇದೆ. ಅದು ವ್ಯಾಸಭಾರತದ ಸಭಾಪರ್ವದಲ್ಲೇ ಬರುತ್ತದೆ. ಅಲ್ಲಿನ ರಾಜ ನೀಲನ ಮಗಳು ಅಪ್ಪನ ಮನೆಯ ಅಗ್ನಿಹೋತ್ರದ ಬೆಂಕಿ ನೋಡಿಕೊಳ್ಳುತ್ತಿದ್ದಳು. ಆ ಬೆಂಕಿ ಬೀಸಣಿಗೆಯಿಂದ ಬೀಸಿದರೆ ಹೊತ್ತಿಕೊಳ್ಳುತ್ತಿರಲಿಲ್ಲವಂತೆ. ಅವಳು ಬಾಯಿಂದ ಊದಿದರೆ ಮಾತ್ರ ಉರಿಯುತ್ತಿತ್ತಂತೆ. ಅಗ್ನಿದೇವ ಅವಳ ಮೇಲೆ ಮನಸ್ಸು ಮಾಡಿದ್ದ. ಕೊನೆಗೆ ಅವಳನ್ನು ಮದುವೆಯಾದ, ಊರಿನ ಕಾವಲಿಗೆ ನಿಂತ. ಜೊತೆಗೆ ಒಂದು ವರ ಕೊಟ್ಟ: ಈ ಊರಿನ ಹೆಂಗಸರನ್ನು ಯಾರೂ ಕಟ್ಟಿಹಾಕುವಂತಿಲ್ಲ, ಅವರು ತಮ್ಮಿಷ್ಟದಂತೆ ಇರಬಹುದು. ವ್ಯಾಸರು ಇದನ್ನು ಹೊಗಳಿ ಹೇಳಿದ್ದಾರೋ, ಹುಬ್ಬೇರಿಸಿ ಹೇಳಿದ್ದಾರೋ ನೀವೇ ಓದಿ ನೋಡಿ. ನನಗೆ ಮುಖ್ಯ ಅನಿಸೋದು ಇಷ್ಟೇ. ಜ್ವಾಲೆಯ ಕತೆ ಎಲ್ಲಿಂದಲೋ ಬಂದು ಮಾಹಿಷ್ಮತಿಯಲ್ಲಿ ಕೂತಿದ್ದಲ್ಲ. ಆ ಊರಿನ ಹೆಂಗಸರು ತಲೆ ತಗ್ಗಿಸುವವರಲ್ಲ ಅನ್ನುವ ಮಾತು ಮೊದಲೇ ಇತ್ತು.

ಜೈಮಿನಿಯಲ್ಲಿ ನೀಲ ನೀಲಧ್ವಜನಾಗುತ್ತಾನೆ. ಮಗಳ ಹೆಸರು ಸ್ವಾಹಾದೇವಿ. ರಾಣಿ ಜ್ವಾಲೆ. ನೋಡಿ, ಅಳಿಯ ಬೆಂಕಿ, ಅತ್ತೆ ಉರಿ. ಇಂಥ ಮನೆಗೆ ಕುದುರೆ ನುಗ್ಗಿದರೆ ಏನಾಗಬೇಕೋ ಅದೇ ಆಯಿತು.

ರಾಜಕುಮಾರ ಪ್ರವೀರ ಕುದುರೆಯನ್ನು ಕಟ್ಟಿಹಾಕುತ್ತಾನೆ. ಯುದ್ಧ ಶುರುವಾಗುತ್ತದೆ. ಅಳಿಯ ಅಗ್ನಿ ಮಾವನ ಪರವಾಗಿ ಬಂದು ಅರ್ಜುನನ ದಂಡನ್ನು ಸುಡುತ್ತಾನೆ. ಅರ್ಜುನ ಅಗ್ನಿಯನ್ನು ಸ್ತುತಿಸುತ್ತಾನೆ. ಎಷ್ಟಾದರೂ ಹಳೇ ಪರಿಚಯ, ಖಾಂಡವವನ ಉಣಿಸಿದವನಲ್ವಾ. ಅಗ್ನಿ ತಣ್ಣಗಾಗಿ ಮಾವನಿಗೆ ಹೇಳುತ್ತಾನೆ: ಇವರನ್ನು ಗೆಲ್ಲೋದು ಆಗದ ಮಾತು, ಹಿಂದೆ ಕೃಷ್ಣ ಇದ್ದಾನೆ, ಕುದುರೆ ಬಿಟ್ಟುಬಿಡು. ನೀಲಧ್ವಜ ಒಪ್ಪುತ್ತಾನೆ. ಅರಮನೆಗೆ ಬಂದು ಹೆಂಡತಿಗೆ ಹೇಳುತ್ತಾನೆ.

ಇಲ್ಲಿ ಜ್ವಾಲೆಯ ಪ್ರವೇಶ. ಒಪ್ಪೋದಿಲ್ಲ ಅವಳು. ಬಂಧು ಬಳಗ ಇದೆ, ಮಕ್ಕಳಿದ್ದಾರೆ, ದಂಡಿದೆ, ಬೊಕ್ಕಸ ತುಂಬಿದೆ. ಹೊರಗಿನವನೊಬ್ಬ ಬಂದು ನಿಂತ ಅಂತ ಬಾಗಿಲಿಗೆ ಬಂದ ಕುದುರೆಯನ್ನು ಹಗ್ಗದ ಸಮೇತ ಕೊಟ್ಟುಬಿಡೋದಾ? ರಾಜ ಮತ್ತೆ ರಣಕ್ಕೆ ಹೋಗುತ್ತಾನೆ. ಈ ಸಲ ಅಗ್ನಿ ಜೊತೆಗಿಲ್ಲ. ಮಗ ಸಾಯುತ್ತಾನೆ, ಮನೆಯ ಗಂಡಸರು ಸಾಯುತ್ತಾರೆ. ನೀಲಧ್ವಜ ಎಚ್ಚರ ತಪ್ಪಿ ಬಿದ್ದವನು ಎದ್ದು ಬಂದು ಹೆಂಡತಿಯ ಮೇಲೆ ಹರಿಹಾಯುತ್ತಾನೆ. ನಿನ್ನ ಮಾತು ಕೇಳಿ ಹೀಗಾಯಿತು ಅಂತ. ಕುದುರೆ ಕೊಡುತ್ತಾನೆ, ಕಪ್ಪ ಕೊಡುತ್ತಾನೆ. ಅಷ್ಟೇ ಅಲ್ಲ, ಅರ್ಜುನನ ಜೊತೆ ಕುದುರೆಯ ಕಾವಲಿಗೆ ತಾನೂ ಹೊರಡುತ್ತಾನೆ!

ಇಲ್ಲೊಂದು ನಿಮಿಷ ನಿಲ್ಲೋಣ. ಜ್ವಾಲೆಯ ತಪ್ಪಿಲ್ಲವಾ? ಇದೆ. ಬೇಡ ಅಂದ ಯುದ್ಧಕ್ಕೆ ಗಂಡನನ್ನೂ ಮಗನನ್ನೂ ತಳ್ಳಿದವಳು ಅವಳೇ. ಒಂದು ಕುದುರೆಗೋಸ್ಕರ. ವೀರರಾಣಿ ಅಂತ ಹಾರ ಹಾಕುವ ಅವಸರದಲ್ಲಿ ಇದನ್ನು ಮುಚ್ಚಿಡೋದು ಬೇಡ. ಮುಚ್ಚಿಟ್ಟರೆ ಕತೆಯ ಖಾರ ಹೋಗುತ್ತದೆ.

ಮಹಾಭಾರತಕ್ಕೆ ಇಂಥ ತಾಯಂದಿರು ಹೊಸಬರಲ್ಲ. ಉದ್ಯೋಗಪರ್ವದಲ್ಲಿ ವಿದುಲೆ ಅಂತ ಒಬ್ಬಳು ಬರುತ್ತಾಳೆ. ಕೃಷ್ಣ ಸಂಧಾನ ಮುಗಿಸಿ ಹೊರಟಾಗ ಕುಂತಿ ತನ್ನ ಮಕ್ಕಳಿಗೆ ಹೇಳು ಅಂತ ಕೃಷ್ಣನ ಬಾಯಿಗೆ ಹಾಕಿ ಕಳಿಸುವ ಹಳೇ ಕತೆ ಅದು. ವಿದುಲೆಯ ಮಗ ಸಂಜಯ. ಧೃತರಾಷ್ಟ್ರನ ಸಂಜಯ ಅಲ್ಲ, ಬೇರೆ. ಸಿಂಧುರಾಜನ ಕೈಲಿ ಸೋತು ಮನೆಗೆ ಬಂದು ಮಲಗಿದ್ದಾನೆ. ಅವಳು ಅವನಿಗೆ ಬೈಯುವ ಬೈಗುಳ ಇದೆಯಲ್ಲ, ಓದಿದರೆ ನಮ್ಮ ಹಳ್ಳಿಯ ಯಾವ ತಾಯಿಗೂ ಕಡಿಮೆ ಇಲ್ಲ. ತಿಂದುಕ ಅಂತ ಒಂದು ಮರ, ಅದರ ಕೊಳ್ಳಿ ಭಗ್ ಅಂತ ಹೊತ್ತಿಕೊಳ್ಳುತ್ತದೆ. ಹಾಗೆ ಉರಿ, ಭತ್ತದ ಹೊಟ್ಟಿಗೆ ಬಿದ್ದ ಬೆಂಕಿ ಹಾಗೆ ಹೊಗೆಯಾಡಬೇಡ ಅನ್ನುತ್ತಾಳೆ. 'ಮುಹೂರ್ತಂ ಜ್ವಲಿತಂ ಶ್ರೇಯೋ ನ ತು ಧೂಮಾಯಿತಂ ಚಿರಮ್.' ಒಂದು ಗಳಿಗೆ ಉರಿದರೂ ಸಾಕು, ಕಾಲವೆಲ್ಲಾ ಹೊಗೆಯಾಡೋದು ಬೇಡ. ಹೊಟ್ಟಿನ ಬೆಂಕಿ ನೋಡಿದ್ದೀರಾ ನೀವು? ಮೇಲೆ ಬೂದಿ, ಒಳಗೆ ಕೆಂಡ, ಎರಡು ದಿನ ಹೊಗೆ. ಅಡುಗೆಗೂ ಆಗೋದಿಲ್ಲ, ಚಳಿ ಕಾಯಿಸೋದಕ್ಕೂ ಆಗೋದಿಲ್ಲ. ಒಲೆಯ ಮುಂದೆ ಕೂತವಳ ಹೋಲಿಕೆ ಅದು.

ವಿದುಲೆಯ ಮಗ ಎದ್ದು ಹೋಗಿ ಗೆದ್ದ. ಹಾಗಾಗಿ ಅವಳ ಕತೆಗೆ 'ಜಯ' ಅಂತ ಹೆಸರು ಬಂತು. ಗರ್ಭಿಣಿಯರು ಕೇಳಬೇಕಾದ ಕತೆ ಅಂತಲೂ ಹೇಳಿಟ್ಟರು. ಜ್ವಾಲೆ ಆಡಿದ್ದೂ ಅದೇ ಮಾತು. ಅವಳ ಮಗ ಸೋತ, ಸತ್ತ. ಹಾಗಾಗಿ ಅವಳು ಹಠಮಾರಿ ಆದಳು. ಮಾತು ಒಂದೇ, ರಣದಲ್ಲಿ ಆದದ್ದು ಬೇರೆ. ಗೆದ್ದರೆ ವೀರಮಾತೆ, ಸೋತರೆ ಮನೆಹಾಳಿ. ಅಲ್ವಾ?

ಆದರೆ ಜೈಮಿನಿ ಕತೆಯನ್ನು ಅಲ್ಲಿಗೆ ಬಿಡೋದಿಲ್ಲ. ಗಂಡ ಎದುರಾಳಿಯ ಕಡೆ ಹೋದ. ಅಳಿಯ ಕೈಬಿಟ್ಟ. ಜ್ವಾಲೆ ತವರಿಗೆ ಹೋಗುತ್ತಾಳೆ. ಕಾಶಿಯಲ್ಲಿ ಅವಳ ಒಡಹುಟ್ಟಿದವನು ಇದ್ದಾನೆ. ನನ್ನ ಮಗನನ್ನು ಕೊಂದವನ ಮೇಲೆ ದಂಡೆತ್ತಿ ಹೋಗು ಅನ್ನುತ್ತಾಳೆ. ಅವನು ಒಲ್ಲೆ ಅನ್ನುತ್ತಾನೆ. ಅರ್ಜುನನ ಹೆಸರು ಕೇಳಿ ಯಾರು ತಾನೇ ಹೋಗುತ್ತಾರೆ? ಗಂಡನ ಮನೆ ಬಾಗಿಲು ಮುಚ್ಚಿತ್ತು, ಈಗ ತವರಿನದೂ ಮುಚ್ಚಿತು. ಇನ್ನೇನಿದ್ದರೂ ಹೊಳೆ, ಬಾವಿ. ಇಂಥ ಹೆಂಗಸರ ಕತೆ ನಮ್ಮ ಊರುಗಳಲ್ಲಿ ಎಲ್ಲಿ ಹೋಗಿ ಮುಗಿಯುತ್ತದೆ ಅಂತ ನಿಮಗೂ ಗೊತ್ತು. ಜ್ವಾಲೆಯೂ ಹೊಳೆಗೇ ಹೋಗುತ್ತಾಳೆ. ಆದರೆ ಬೀಳೋದಕ್ಕಲ್ಲ.

ಗಂಗೆ ದಾಟುವ ದೋಣಿ ಹತ್ತುತ್ತಾಳೆ. ನಡುನೀರಿನಲ್ಲಿ ಅವಳ ಕಾಲಿಗೆ ಗಂಗೆಯ ನೀರು ತಾಗುತ್ತದೆ. ಅವಳು ಥಟ್ಟನೆ ಕಾಲು ಹಿಂದಕ್ಕೆಳೆದುಕೊಂಡು ಛೀ ಅನ್ನುತ್ತಾಳೆ. ಅಯ್ಯೋ, ಈ ನೀರು ಸೋಂಕಿ ನನಗೆ ಪಾಪ ಬಂತಲ್ಲಾ!

ಈ ಮಾತು ಎಂಥದ್ದು ಯೋಚನೆ ಮಾಡಿ. ಕಾಶಿಯಲ್ಲಿ, ಗಂಗೆಯ ಮೇಲೆ. ಊರೂರಿಂದ ಪಾಪ ತೊಳೆಯೋದಕ್ಕೆ ಜನ ಬರುವ ನೀರು ಅದು. ತಂಬಿಗೆಯಲ್ಲಿ ತುಂಬಿಸಿ, ಬಾಯಿಗೆ ಮೇಣ ಹಾಕಿಸಿ, ಊರಿಗೆ ತಂದು ದೇವರ ಮನೆಯಲ್ಲಿಟ್ಟು, ಸಾಯುವಾಗ ಒಂದು ಚಮಚ ಬಾಯಿಗೆ ಬಿಡುವ ನೀರು. ಅದು ಮೈಲಿಗೆ ಅನ್ನುತ್ತಾಳೆ. ಗಂಗೆಯೇ ಕಾಣಿಸಿಕೊಂಡು ಯಾಕೆ ಅಂತ ಕೇಳುತ್ತಾಳೆ. ಜ್ವಾಲೆ ಹೇಳುತ್ತಾಳೆ: ನೀನು ಮಕ್ಕಳಿಲ್ಲದವಳು. ಏಳು ಜನರನ್ನು ಹೆತ್ತು ಏಳು ಜನರನ್ನೂ ನೀರಿಗೆ ಹಾಕಿದೆ. ಎಂಟನೆಯವನನ್ನು ಉಳಿಸಿಕೊಂಡೆ. ಅವನನ್ನೂ ಶಿಖಂಡಿಯನ್ನು ಮುಂದೆ ನಿಲ್ಲಿಸಿಕೊಂಡು ಅರ್ಜುನ ಹೊಡೆದು ಕೆಡವಿದ. ಅವನೇನೋ ಈಗ ಅಶ್ವಮೇಧದ ಕುದುರೆ ಹಿಂದೆ ಮೆರೆದುಕೊಂಡು ಹೋಗುತ್ತಿದ್ದಾನೆ. ನೀನು ಹರಿದುಕೊಂಡಿದ್ದೀಯ.

ಮೇಷ್ಟ್ರು ಈ ಪದ್ಯದ ಅರ್ಥ ಹೇಳಿದಾಗ ಸುಲಿಯುವವರ ಕೈ ನಿಂತಿದ್ದು ನನಗೆ ನೆನಪಿದೆ. ಅಲ್ಲಿದ್ದ ಹೆಂಗಸರಲ್ಲಿ ಒಬ್ಬರಿಗೆ ಮಕ್ಕಳಿರಲಿಲ್ಲ. 'ಮಕ್ಕಳಿಲ್ಲದವಳು' ಅನ್ನೋದನ್ನು ಬೈಗುಳವಾಗಿ ಬಳಸುವ ಕತೆ ಅವರ ಮುಂದೆ ನಡೆಯುತ್ತಿತ್ತು. ಯಾರೂ ಅವರ ಕಡೆ ನೋಡಲಿಲ್ಲ. ನೋಡದೇ ಇದ್ದಿದ್ದೇ ಎದ್ದು ಕಾಣುತ್ತಿತ್ತು. ಜ್ವಾಲೆಯನ್ನು ಮೆಚ್ಚಿಕೊಳ್ಳುವಾಗಲೆಲ್ಲ ನನಗೆ ಆ ಹೆಂಗಸಿನ ತಗ್ಗಿದ ತಲೆಯೂ ಕಣ್ಣಿಗೆ ಬರುತ್ತದೆ. ಒಬ್ಬ ಹೆಂಗಸನ್ನು ಎಲ್ಲಿ ಮುಟ್ಟಿದರೆ ಗಾಯ ಆಗುತ್ತದೆ ಅಂತ ಇನ್ನೊಬ್ಬ ಹೆಂಗಸಿಗೆ ಚೆನ್ನಾಗಿ ಗೊತ್ತು. ಜ್ವಾಲೆ ಸರಿಯಾಗಿ ಅಲ್ಲಿಗೇ ಕೈ ಹಾಕಿದಳು. ಅವಳು ಕತ್ತಿ ಹಿಡಿಯಲಿಲ್ಲ ಅಂದೆನಲ್ಲ, ಅವಳ ಕತ್ತಿ ಇದು.

ಇದು ಬರೀ ಬೈಗುಳವಾಗಿದ್ದರೆ ಗಂಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅದರಲ್ಲಿ ಸತ್ಯ ಇತ್ತು. ವ್ಯಾಸಭಾರತದಲ್ಲಿ ಭೀಷ್ಮ 58 ರಾತ್ರಿ ಶರಶಯ್ಯೆಯಲ್ಲಿ ಮಲಗಿ ಪ್ರಾಣ ಬಿಡುತ್ತಾನೆ. ತರ್ಪಣ ಕೊಡೋದಕ್ಕೆ ಎಲ್ಲರೂ ನದಿಗೆ ಬಂದಾಗ ಗಂಗೆ ನೀರಿನಿಂದ ಎದ್ದು ಬಂದು ಅಳುತ್ತಾಳೆ. ಪರಶುರಾಮನಿಗೂ ಬಗ್ಗದ ನನ್ನ ಮಗ ಶಿಖಂಡಿಯ ಕೈಲಿ ಸತ್ತನಲ್ಲಾ ಅಂತ. ಆಗ ಕೃಷ್ಣ ಏನು ಹೇಳಿ ಸಮಾಧಾನ ಮಾಡುತ್ತಾನೆ ಗೊತ್ತೇ? ಇಲ್ಲಮ್ಮ, ಕೊಂದಿದ್ದು ಶಿಖಂಡಿಯಲ್ಲ, ಅರ್ಜುನ ಅನ್ನುತ್ತಾನೆ. ತಾಯಿ ಸಮಾಧಾನ ಮಾಡಿಕೊಂಡು ನೀರಿಗಿಳಿಯುತ್ತಾಳೆ. ದೊಡ್ಡವನ ಕೈಲಿ ಸತ್ತ, ಮರ್ಯಾದೆ ಉಳಿಯಿತು ಅಂತ ಆ ಲೆಕ್ಕ ಅಲ್ಲಿಗೆ ಮುಗಿದಿತ್ತು. ಜೈಮಿನಿಯಲ್ಲಿ ಜ್ವಾಲೆ ಅದನ್ನೇ ತೆಗೆಯುತ್ತಾಳೆ. ಹೌದು, ಅರ್ಜುನನೇ ಕೊಂದ. ಹಾಗಾದರೆ ಅವನಿಗೆ ಏನಾಯಿತು? ಸಮಾಧಾನಕ್ಕೆ ಹೇಳಿದ ಮಾತೇ ಆರೋಪವಾಗಿ ತಿರುಗುತ್ತದೆ.

ಗಂಗೆ ಉರಿದುಬೀಳುತ್ತಾಳೆ. ಇನ್ನು ಆರು ತಿಂಗಳೊಳಗೆ ಅರ್ಜುನನ ತಲೆ ಅವನ ಮಗನ ಕೈಯಿಂದಲೇ ಉರುಳಲಿ ಅಂತ ಶಾಪ ಕೊಡುತ್ತಾಳೆ. ಮಗನ ಸಾವಿಗೆ ಮಗನಿಂದಲೇ ಸಾವು. ಜ್ವಾಲೆಗೆ ಅಷ್ಟು ಸಾಲದು. ಶಾಪ ಸಿಕ್ಕಿತಲ್ಲ ಅಂತ ಊರಿಗೆ ಹೋಗೋದಿಲ್ಲ. ಬೆಂಕಿಗೆ ಬೀಳುತ್ತಾಳೆ. ಬಾಣವಾಗಿ ಹುಟ್ಟುತ್ತಾಳೆ. ಮಣಿಪುರದಲ್ಲಿ ಅರ್ಜುನನ ಮಗ ಬಭ್ರುವಾಹನನ ಬತ್ತಳಿಕೆಗೆ ಹೋಗಿ ಸೇರಿಕೊಂಡು ಕಾಯುತ್ತಾಳೆ.

ವ್ಯಾಸರ ಅಶ್ವಮೇಧಪರ್ವದಲ್ಲಿ ಜ್ವಾಲೆ ಇಲ್ಲ. ಅಲ್ಲಿ ಅರ್ಜುನನಿಗೆ ಶಾಪ ಕೊಡುವವರು ವಸುಗಳು, ಅಂದರೆ ಭೀಷ್ಮನ ಅಣ್ಣತಮ್ಮಂದಿರು. ಗಂಗೆ ಒಪ್ಪಿಗೆ ಕೊಡುತ್ತಾಳೆ. ದೇವತೆಗಳೊಳಗಿನ ವ್ಯವಹಾರ, ಅವರವರೇ ಮುಗಿಸಿಕೊಂಡರು. ಜೈಮಿನಿಯ ಪರಂಪರೆ ಆ ಜಾಗದಲ್ಲಿ ಮಗ ಸತ್ತ ಒಬ್ಬ ರಾಣಿಯನ್ನು ತಂದು ನಿಲ್ಲಿಸಿತು. ನನ್ನ ಮಟ್ಟಿಗೆ ಇಡೀ ಕಾವ್ಯದಲ್ಲಿ ಇದಕ್ಕಿಂತ ದೊಡ್ಡ ಬದಲಾವಣೆ ಇಲ್ಲ. ಮಹಾಕಾವ್ಯದಲ್ಲಿ ವೀರರಾಣಿಗೆ ಏನು ಕೆಲಸ ಅಂತ ಯಾರಾದರೂ ಕೇಳಿದರೆ ನಾನು ಹೇಳೋದು ಇದನ್ನೇ. ಗೆದ್ದವರು ಚುಕ್ತಾ ಆಯಿತು ಅಂತ ಮುಚ್ಚಿಟ್ಟ ಲೆಕ್ಕದ ಪುಸ್ತಕವನ್ನು ಅವಳು ತೆಗೆಯುತ್ತಾಳೆ. ಬಾಕಿ ಇದೆ ಅನ್ನುತ್ತಾಳೆ.

ಕೈಕೇಯಿ ಮಾಡಿದ್ದೂ ಅದೇ ಅಲ್ವಾ? ಅವಳ ಹಠ ನಮಗೆ ಗೊತ್ತು, ರಣರಂಗ ಮರೆತುಹೋಗಿದೆ. ದಶರಥ ದೇವತೆಗಳ ಪರವಾಗಿ ಶಂಬರನ ಮೇಲೆ ದಂಡಕಾರಣ್ಯದಲ್ಲಿ ಯುದ್ಧಕ್ಕೆ ಹೋಗಿದ್ದಾಗ ಅವಳು ಜೊತೆಗಿದ್ದಳು. ಗಾಯಗೊಂಡು ಎಚ್ಚರ ತಪ್ಪಿದ ಗಂಡನನ್ನು ರಣದಿಂದ ಹೊರಗೆ ಸಾಗಿಸಿ ಉಳಿಸಿದಳು. ರಥದ ಅಚ್ಚಿಗೆ ಬೆರಳು ಕೊಟ್ಟಳು ಅಂತ ಕೇಳಿದ್ದೀರಲ್ಲ, ಅದು ವಾಲ್ಮೀಕಿಯಲ್ಲಿಲ್ಲ. ಆಮೇಲೆ ಜನ ಸೇರಿಸಿಕೊಂಡಿದ್ದು. ಚೆನ್ನಾಗಿಯೇ ಇದೆ ಬಿಡಿ. ಎರಡು ವರ ಅಲ್ಲಿ ಹುಟ್ಟಿದ್ದು. ಅವಳು ಆಗ ಏನೂ ಕೇಳಲಿಲ್ಲ, ಇರಲಿ ಆಮೇಲೆ ಕೇಳುತ್ತೇನೆ ಅಂದಳು. ದಶರಥ ಮರೆತ. ರಾಣಿಯ ಶೌರ್ಯಕ್ಕೆ ಕೊಡಬೇಕಾದ್ದು ಬಾಕಿ ಉಳಿದಿತ್ತು. ಅವಳು ಅದನ್ನು ವಸೂಲಿ ಮಾಡಿದ ರೀತಿ ತಪ್ಪು ಅನ್ನಿ, ನನ್ನದೇನೂ ತಕರಾರಿಲ್ಲ. ಸಾಲವೇ ಇರಲಿಲ್ಲ ಅನ್ನಬೇಡಿ, ಅಷ್ಟೇ.

ಜೈಮಿನಿ ಭಾರತದಲ್ಲಿ ಕತ್ತಿ ಬಿಲ್ಲು ಹಿಡಿದ ರಾಣಿ ಬೇಕೇ ಬೇಕು ಅನ್ನುವವರಿಗೆ ಪ್ರಮೀಳೆ ಇದ್ದಾಳೆ. ಯಕ್ಷಗಾನದವರ ಅಚ್ಚುಮೆಚ್ಚು. ಕಸೆ ಸ್ತ್ರೀವೇಷ ಅನ್ನುತ್ತಾರೆ, ಗಂಡುಗಚ್ಚೆ ಬಿಗಿದು ಬಿಲ್ಲು ಹಿಡಿದು ಬರುವ ಹೆಣ್ಣು. ರಾತ್ರಿ ಒಂದು ಗಂಟೆಯ ಹೊತ್ತಿಗೆ ಚೆಂಡೆ ಏರಿ ಪ್ರಮೀಳೆ ರಂಗಕ್ಕೆ ಬಂದರೆ ಕಂಬಳಿ ಹೊದ್ದು ಮಲಗಿದವರೂ ಎದ್ದು ಕೂರುತ್ತಾರೆ. ಅವಳದು ಹೆಂಗಸರೇ ಇರುವ ರಾಜ್ಯ. ಹೋದ ಗಂಡಸು ತಿಂಗಳಿಗಿಂತ ಜಾಸ್ತಿ ಬದುಕೋದಿಲ್ಲ ಅಂತ ಪ್ರತೀತಿ. ಕುದುರೆ ಕಟ್ಟಿ, ಮದುವೆಯಾಗು ಇಲ್ಲ ಯುದ್ಧ ಮಾಡು ಅಂತ ಅರ್ಜುನನಿಗೆ ಹೇಳುತ್ತಾಳೆ. ಅವನ ಬಿಲ್ಲಿನ ಹೆದೆ ಕತ್ತರಿಸುತ್ತಾಳೆ. ಆಮೇಲೆ ಆಕಾಶವಾಣಿ ಆಗುತ್ತದೆ, ಇವಳನ್ನು ಗೆಲ್ಲೋದು ನಿನ್ನಿಂದಾಗದು, ಮದುವೆಯಾಗು ಅಂತ. ಮದುವೆಗೆ ಒಪ್ಪಿ ಅವಳನ್ನು ಹಸ್ತಿನಾವತಿಗೆ ಕಳಿಸುತ್ತಾನೆ. ಮುಗಿಯಿತು. ನೋಡೋದಕ್ಕೆ ಖುಷಿಯ ಪ್ರಸಂಗ. ಆದರೆ ಗಮನಿಸಿ, ಗೆಲ್ಲೋದಕ್ಕೆ ಆಗದ ರಾಣಿಯನ್ನು ಕವಿ ಮನೆ ತುಂಬಿಸಿಕೊಂಡ. ಜ್ವಾಲೆಯನ್ನು ಹಾಗೆ ತುಂಬಿಸಿಕೊಳ್ಳೋದು ಅವನಿಗೆ ಆಗಲಿಲ್ಲ.

ಇನ್ನೊಬ್ಬಳ ವಿಷಯ ಹೇಳದೆ ಹೋದರೆ ನನಗೆ ಸಮಾಧಾನ ಇಲ್ಲ. ಇವಳು ವ್ಯಾಸರವಳು. ದುಶ್ಶಲೆ. ನೂರು ಜನ ಅಣ್ಣತಮ್ಮಂದಿರಿಗೆ ಒಬ್ಬಳೇ ತಂಗಿ, ಜಯದ್ರಥನ ಹೆಂಡತಿ. ಕುದುರೆ ಸಿಂಧು ದೇಶಕ್ಕೆ ಬರುತ್ತದೆ. ಸೈಂಧವರು ರೋಷದಿಂದ ಕಾದುತ್ತಾರೆ. ಅರ್ಜುನ ಬಂದ ಅನ್ನುವ ಸುದ್ದಿ ಕೇಳಿಯೇ ದುಶ್ಶಲೆಯ ಮಗ ಸುರಥ ಕುಸಿದು ಪ್ರಾಣ ಬಿಟ್ಟಿದ್ದಾನೆ. ಅವನ ಮಗು ಇನ್ನೂ ಚಿಕ್ಕದು. ಅಜ್ಜಿ ಆ ಮೊಮ್ಮಗುವನ್ನು ಎತ್ತಿಕೊಂಡು ರಥ ಹತ್ತಿ ನೇರವಾಗಿ ರಣದ ನಡುವೆ ಬರುತ್ತಾಳೆ. ಅರ್ಜುನ ಬಿಲ್ಲು ಕೆಳಗೆ ಹಾಕುತ್ತಾನೆ. ಇವಳು ಅವನ ತಂಗಿಯೂ ಹೌದಲ್ಲ. ಗಂಡನನ್ನು ಕೊಂದವನು ಅಣ್ಣನೇ. ಮಗ ಸತ್ತಿದ್ದೂ ಅವನ ಹೆಸರು ಕೇಳಿ. ಅವನ ಎದುರಿಗೆ ಮಗುವನ್ನು ಹಿಡಿದು ಇವನನ್ನಾದರೂ ಉಳಿಸು ಅನ್ನುತ್ತಾಳೆ. ಕ್ಷತ್ರಿಯ ಧರ್ಮಕ್ಕೆ ಧಿಕ್ಕಾರ ಅಂತ ಅರ್ಜುನನ ಬಾಯಿಂದಲೇ ಬರುತ್ತದೆ. ಯುದ್ಧ ನಿಲ್ಲುತ್ತದೆ. ಜ್ವಾಲೆ ಬಾಕಿ ವಸೂಲಿಗೆ ಬಂದವಳು, ಇವಳು ಬಾಕಿಯನ್ನು ತೋರಿಸಿ ಬಿಟ್ಟುಕೊಟ್ಟವಳು. ಧೈರ್ಯ ಯಾರದು ಜಾಸ್ತಿ ಅಂತ ನನ್ನನ್ನು ಕೇಳಬೇಡಿ.

ಈಗ ಮಣಿಪುರಕ್ಕೆ ಹೋಗೋಣ. ಬಾಣ ಕಾಯುತ್ತಿದೆ.

ಬಭ್ರುವಾಹನನ ತಾಯಿ ಚಿತ್ರಾಂಗದೆಯ ಬಗ್ಗೆ ಒಂದು ಮಾತು. ಅವಳನ್ನು ಬಿಲ್ಲು ಹಿಡಿದ ವೀರಕನ್ಯೆಯಾಗಿ ಮಾಡಿದ್ದು ಈಚಿನವರು. ವ್ಯಾಸರ ಆದಿಪರ್ವದಲ್ಲಿ ಅವಳು ತನ್ನ ಪಾಡಿಗೆ ಊರಲ್ಲಿ ಓಡಾಡುತ್ತಿರುವಾಗ ಅರ್ಜುನನ ಕಣ್ಣಿಗೆ ಬೀಳುತ್ತಾಳೆ. ಆ ವಂಶದಲ್ಲಿ ತಲೆಮಾರಿಗೆ ಒಂದೇ ಮಗು. ಈ ಸಲ ಹೆಣ್ಣಾಯಿತು. ಅಪ್ಪ ಅವಳನ್ನೇ ಮಗ ಅಂದುಕೊಂಡ. ಹುಟ್ಟುವ ಗಂಡುಮಗು ನಮ್ಮ ರಾಜ್ಯಕ್ಕೆ ಅಂತ ಕರಾರು ಮಾಡಿಕೊಂಡೇ ಮದುವೆ. ಅರ್ಜುನ ಮೂರು ವರ್ಷ ಇದ್ದು ಹೊರಟುಹೋದ. ಲಕ್ಷ್ಮೀಶನಲ್ಲಿ ಆ ಮಗ ದೊಡ್ಡವನಾಗಿ, ಅಪ್ಪ ಬಂದ ಅಂತ ಕುದುರೆಯನ್ನೂ ಕಾಣಿಕೆಯನ್ನೂ ತಂದು ಕಾಲಿಗೆ ಬೀಳುತ್ತಾನೆ. ಅರ್ಜುನ ಆ ಕಾಲಿನಿಂದಲೇ ಒದೆಯುತ್ತಾನೆ. ನೀನು ನನ್ನ ಮಗನಲ್ಲ, ಅಭಿಮನ್ಯು ನನ್ನ ಮಗ ಅನ್ನುತ್ತಾನೆ. ಅವನ ತಾಯಿಯ ನಡತೆಯ ಮೇಲೂ ಮಾತು ಬರುತ್ತದೆ. ಆಮೇಲೆ ಆಗುವ ಯುದ್ಧ ನಿಮಗೆಲ್ಲ ಗೊತ್ತು. ಬಭ್ರುವಾಹನ ಬತ್ತಳಿಕೆಗೆ ಕೈ ಹಾಕುತ್ತಾನೆ. ಕೈಗೆ ಸಿಕ್ಕಿದ್ದು ಯಾವ ಬಾಣ ಅಂತ ಅವನಿಗೆ ಗೊತ್ತಿಲ್ಲ. ಅರ್ಜುನನಿಗೂ ಗೊತ್ತಿಲ್ಲ. ನೀಲಧ್ವಜ ಕುದುರೆಯ ಹಿಂದೆ ಹೊರಟವನಲ್ವಾ? ತನ್ನ ಹೆಂಡತಿ ಎದುರು ದಂಡಿನಿಂದ ಹಾರಿ ಬರುತ್ತಿದ್ದಾಳೆ ಅಂತ ಅವನಿಗೂ ಗೊತ್ತಾಗೋದಿಲ್ಲ.

ಅರ್ಜುನನ ತಲೆ ಉರುಳುತ್ತದೆ. ಕರ್ಣನ ಮಗ ವೃಷಕೇತು ಮೊದಲೇ ಬಿದ್ದಿದ್ದಾನೆ. ಚಿತ್ರಾಂಗದೆ ಗೋಳಾಡುತ್ತಾಳೆ. ಉಲೂಚಿ, ಅಂದರೆ ಅರ್ಜುನನ ಇನ್ನೊಬ್ಬ ಹೆಂಡತಿ, ನಾಗಕನ್ಯೆ ಉಲೂಪಿ, ಪಾತಾಳದಲ್ಲಿ ಸಂಜೀವಕ ಮಣಿ ಇದೆ ಅಂತ ದಾರಿ ತೋರಿಸುತ್ತಾಳೆ. ಬಭ್ರುವಾಹನ ಹಾವುಗಳ ಜೊತೆ ಕಾದಾಡಿ ಮಣಿ ತರುತ್ತಾನೆ. ಕೃಷ್ಣ ಬರುತ್ತಾನೆ. ಅರ್ಜುನ ಏಳುತ್ತಾನೆ, ವೃಷಕೇತು ಏಳುತ್ತಾನೆ. ಅಪ್ಪ ಮಗ ತಬ್ಬಿಕೊಳ್ಳುತ್ತಾರೆ. ಕುದುರೆ ಮುಂದಿನ ಊರಿಗೆ ಹೊರಡುತ್ತದೆ.

ಅವತ್ತು ರಾತ್ರಿ ಮೇಷ್ಟ್ರು ಅಲ್ಲಿಗೆ ಮಂಗಳ ಹಾಡುವವರಿದ್ದರು. ಆಗ ನಮ್ಮಜ್ಜಿ ಕೇಳಿದಳು.

"ಮೇಷ್ಟ್ರೇ, ಆ ಮಣಿಯಿಂದ ಪ್ರವೀರನ್ನ ಎಬ್ಬಿ‌ಸಿದ್ರಾ?"

ಮೇಷ್ಟ್ರಿಗೆ ಮೊದಲು ಯಾರು ಅಂತ ಹೊಳೆಯಲಿಲ್ಲ. ಆ ಸಂಧಿ ಓದಿ ಎಷ್ಟೋ ರಾತ್ರಿಗಳಾಗಿದ್ದವು. ಆಮೇಲೆ ನೆನಪಾಯಿತು. ಪುಸ್ತಕದ ಹಾಳೆ ಹಿಂದಕ್ಕೆ ತಿರುವಿದರು, ಮುಂದಕ್ಕೆ ತಿರುವಿದರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿಕೊಂಡರು.

"ಇಲ್ಲ ಅಮ್ಮ," ಅಂದರು.

ಅಜ್ಜಿ ಏನೂ ಅನ್ನಲಿಲ್ಲ. ಬುಟ್ಟಿಯಿಂದ ಇನ್ನೊಂದು ಹಿಡಿ ಅಡಿಕೆ ತೆಗೆದು ಮಡಿಲಿಗೆ ಹಾಕಿಕೊಂಡಳು.